ಮಾರುತಿಯ ಟೊಕ್ ಟೊಕ್ ಸದ್ದು: ನಾನೇ ಹುಡುಕಿ ಸರಿಮಾಡಿದ ಅನುಭವ

ಮೇ ತಿಂಗಳ ಮಧ್ಯಾಹ್ನ. ಸಂಡೂರಿನಿಂದ ಬಳ್ಳಾರಿಗೆ ವಾಪಸ್ ಬರುತ್ತಿದ್ದೆ. ಕುಡಿತಿನಿ ಹತ್ತಿರ ಅದಿರಿನ ಲಾರಿಯೊಂದನ್ನು ಹಿಂದೆ ಹಾಕಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಆಗ ಕೇಳಿಸಿತು, ಟೊಕ್ ಟೊಕ್ ಟೊಕ್. ಯಾರೋ ಮರದ ಬಾಗಿಲನ್ನು ಬೆರಳ ಗೆಣ್ಣಿನಿಂದ ಬಡಿದ ಹಾಗೆ.

ನನ್ನದು ಕಾರ್ಬುರೇಟರ್ ಇರುವ ಹಳೆಯ ಮಾರುತಿ 800. 796 ಸಿಸಿ, ಮೂರೇ ಸಿಲಿಂಡರ್. ಅಪ್ಪ ಕೊಂಡ ಕಾರು. ಬಿಡೋಕೆ ಮನಸ್ಸಿಲ್ಲ. ಊರಿನ ಒಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿ ಎರಡು ನಿಮಿಷ ಕೇಳಿ, "ಎಂಜಿನ್ ಹೋಗೈತಿ, ಪೂರ್ತಿ ಇಳಿಸಬೇಕು" ಅಂದರು. ಎಲ್ಲಿಂದ ಬರುವ ಸದ್ದು ಅಂತ ಗೊತ್ತಾಗದೆ ಪೂರ್ತಿ ಇಳಿಸೋದು ನನಗೆ ಸರಿ ಅನ್ನಿಸಲಿಲ್ಲ. ಕಾರನ್ನು ಮನೆಗೆ ತಂದು ನಿಲ್ಲಿಸಿದೆ.

ಮೊದಲು ನನ್ನ ಅನುಮಾನ ಹೋದದ್ದು ಬಿಸಿಲಿನ ಮೇಲೆ. ಎಂಜಿನ್ ಕಾದಾಗ, ಪ್ಲಗ್ಗಿನ ಕಿಡಿ ಹತ್ತಿಸಿದ ಬೆಂಕಿ ಪೂರ್ತಿ ಹರಡುವ ಮೊದಲೇ ಉಳಿದ ಪೆಟ್ರೋಲ್ ತಾನಾಗಿಯೇ ಸಿಡಿಯುತ್ತದೆ. ನಮ್ಮ ಕಡೆಯ ಬೇಸಿಗೆಗೆ ಇದೇನೂ ಹೊಸದಲ್ಲ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಸ್ವಲ್ಪ ತಿರುಗಿಸಿ, ಕಿಡಿ ತುಸು ತಡವಾಗಿ ಬರುವಂತೆ ಟೈಮಿಂಗ್ ಹಿಂದಕ್ಕೆ ಇಟ್ಟೆ. ಏನೂ ಬದಲಾಗಲಿಲ್ಲ. ಆಮೇಲೆ ಯೋಚಿಸಿದರೆ ಅದು ಬದಲಾಗಬೇಕೂ ಇರಲಿಲ್ಲ. ಹಾಗೆ ಪೆಟ್ರೋಲ್ ತಾನಾಗಿಯೇ ಸಿಡಿಯುವ ಸದ್ದು ಡಬ್ಬಿಯಲ್ಲಿ ಸಣ್ಣ ಕಲ್ಲು ಅಲ್ಲಾಡಿಸಿದ ಹಾಗೆ ಇರುತ್ತದೆ, ಏರು ಹತ್ತುವಾಗ, ಭಾರ ಎಳೆಯುವಾಗ ಬರುತ್ತದೆ. ನನ್ನದು ನಿಂತಲ್ಲೇ ಬರುತ್ತಿತ್ತು. ಆಕ್ಸಿಲರೇಟರ್ ಒತ್ತಿ ತಟ್ಟನೆ ಬಿಟ್ಟಾಗ ಇನ್ನೂ ಜಾಸ್ತಿ.

ವಾಲ್ವ್ ತೆರೆಯುವ ಟ್ಯಾಪೆಟ್ ಇರಬಹುದಾ? ವಾಲ್ವ್ ಕವರ್ ತೆಗೆದು ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಹಾಕಿ ಆರೂ ವಾಲ್ವ್ ಸೆಟ್ ಮಾಡಿದೆ. ಹೊಲಿಗೆ ಯಂತ್ರದಂಥ ಒಂದು ಸಣ್ಣ ಟಿಕ್ ಟಿಕ್ ನಿಂತಿತು. ದಪ್ಪ ಸದ್ದು ಹಾಗೇ ಉಳಿಯಿತು. ಅಂದರೆ ಅಲ್ಲಿ ಎರಡು ಸದ್ದು ಬೆರೆತಿದ್ದವು.

ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್ ತಗೊಂಡೆ. ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ಒತ್ತಿ, ತುದಿಯನ್ನು ಎಂಜಿನ್ನಿನ ಮೇಲೆ ಒಂದೊಂದೇ ಕಡೆ ಇಟ್ಟು ಕೇಳಿದೆ. ಫ್ಯಾನ್, ಬೆಲ್ಟ್‌ಗಳಿಂದ ಕೂದಲು, ಬಟ್ಟೆ ದೂರ ಇರಲಿ, ಇದು ಮುಖ್ಯ. ವಾಲ್ವ್ ಕವರ್ ಮೇಲೆ ಸದ್ದು ಮಂಕು. ಕೆಳಗೆ, ಆಯಿಲ್ ನಿಲ್ಲುವ ಚೇಂಬರ್ ಹತ್ತಿರ, ಎಲುಬಿಗೇ ಬಡಿದ ಹಾಗೆ ಸ್ಪಷ್ಟ.

ಕೊನೆಗೆ ಪ್ಲಗ್ ವೈರ್ ಪರೀಕ್ಷೆ. ಎಂಜಿನ್ ನಿಲ್ಲಿಸಿ ಒಂದು ವೈರ್ ಬಿಚ್ಚಿ, ಅದರ ತುದಿಗೆ ಬೇರೆ ಪ್ಲಗ್ ಸಿಕ್ಕಿಸಿ ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಟ್ಟಿದೆ. ಕೆಲವೇ ಸೆಕೆಂಡು ಓಡಿಸಿದೆ. ಒಂದನೇದು, ಮೂರನೇದು ಬಿಚ್ಚಿದಾಗ ಟೊಕ್ ಹಾಗೇ ಇತ್ತು. ಎರಡನೇದು ಬಿಚ್ಚಿದ ಕೂಡಲೇ ಸದ್ದು ಬಿದ್ದುಹೋಯಿತು. ಆ ಸಿಲಿಂಡರಿನಲ್ಲಿ ಬೆಂಕಿ ಇಲ್ಲ ಅಂದರೆ ಪಿಸ್ಟನ್ನನ್ನು ಕೆಳಗೆ ತಳ್ಳುವ ಹೊಡೆತ ಇಲ್ಲ. ಅದರ ರಾಡಿನ ಬೇರಿಂಗ್ ಸವೆದಿದ್ದರೂ ಆಗ ಕ್ರ್ಯಾಂಕಿಗೆ, ಅಂದರೆ ಪಿಸ್ಟನ್ನುಗಳ ಬಲದಿಂದ ತಿರುಗುವ ದಂಡಕ್ಕೆ, ಬಡಿಯೋದಿಲ್ಲ. ಪಿಸ್ಟನ್ ಸಡಿಲವಾಗಿದ್ದರೂ ಹೀಗೇ ಆಗಬಹುದು, ಆದರೆ ಅದು ಬೆಳಿಗ್ಗೆ ತಣ್ಣಗಿದ್ದಾಗ ಜೋರು, ಕಾದ ಮೇಲೆ ಕಡಿಮೆ. ನನ್ನದು ತಿರುಗಾಮುರುಗಾ. ಬೆಳಿಗ್ಗೆ ಸುಮ್ನೆ ಇದ್ದು, ಕಾದು ಆಯಿಲ್ ತೆಳುವಾದ ಮೇಲೆ ಶುರುವಾಗುತ್ತಿತ್ತು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಎರಡನೇ ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್, ಅಂದರೆ ಬಿಗ್ ಎಂಡ್ ಬೇರಿಂಗ್, ಅಂತ ಅಲ್ಲಿಗೆ ಗಟ್ಟಿಯಾಯಿತು.

ಈ ಸದ್ದು ಇಟ್ಟುಕೊಂಡು ದಯವಿಟ್ಟು ಯಾರೂ ಕಾರು ಓಡಿಸಬೇಡಿ. ರಾಡ್ ಮುರಿದರೆ ಬ್ಲಾಕ್ ಒಡೆದು ಹೊರಗೆ ಬರುತ್ತದೆ.

ಆಯಿಲ್ ಇಳಿಸಿದೆ. ಬಿಸಿಲಿನಲ್ಲಿ ಬೋಗುಣಿ ಅಲ್ಲಾಡಿಸಿದರೆ ಮಿಣಮಿಣ ಹೊಳೆಯುವ ಪುಡಿ. ಆಯಸ್ಕಾಂತ ಹಿಡಿದೆ, ಅಂಟಲಿಲ್ಲ. ಕಬ್ಬಿಣ ಅಲ್ಲ, ಬೇರಿಂಗಿನ ಮೆತ್ತನೆ ಲೋಹ. ಕಾರನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಸೈಲೆನ್ಸರಿನ ಮುಂದಿನ ಪೈಪ್ ಬಿಚ್ಚಿ ಚೇಂಬರ್ ಇಳಿಸಿದೆ. ಎರಡನೇ ರಾಡನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿದೆ. ಸಣ್ಣಗೆ ಕಟ್ ಅಂತು. ಉಳಿದೆರಡು ಅಲ್ಲಾಡಲಿಲ್ಲ.

ರಾಡಿನ ಕೆಳತುದಿಯ ಕ್ಯಾಪ್ ಬಿಚ್ಚಿ ಶೆಲ್, ಅಂದರೆ ಬೇರಿಂಗಿನ ಅರ್ಧ ಬಳೆ, ಕೈಗೆ ತಗೊಂಡೆ. ನುಣ್ಣಗೆ ಬೂದು ಬಣ್ಣ ಇರಬೇಕಾದ ಮೈ ಮೇಲೆ ಕೂರಿಗೆ ಬಿಟ್ಟ ಹೊಲದ ಸಾಲುಗಳಂತೆ ಗೀರುಗಳು. ಮಸೂರ ಹಿಡಿದರೆ ಸಾಲುಗಳ ನಡುವೆ ಸಣ್ಣ ಕಣಗಳು ಹೂತು ಕೂತಿದ್ದವು. ಧೂಳು. ಏರ್ ಫಿಲ್ಟರ್ ಡಬ್ಬಿ ನೋಡಿದಾಗ ದಾರಿ ಸಿಕ್ಕಿತು. ಮುಚ್ಚಳದ ಒಂದು ಕ್ಲಿಪ್ ಮುರಿದು, ಫಿಲ್ಟರ್ ದಾಟಿದ ಬದಿಯಲ್ಲೂ ಬೆರಳಿಗೆ ಕೆಂಪು ಧೂಳು ಹತ್ತುತ್ತಿತ್ತು. ತೋರಣಗಲ್ಲು, ಸಂಡೂರು ದಾರಿಯ ಅದಿರಿನ ಧೂಳು ನಿಮಗೆ ಗೊತ್ತೇ ಇದೆ ಅಲ್ವಾ, ಮರದ ಎಲೆಯೂ ಕೆಂಪು. ಅದು ಎಂಜಿನ್ನಿನೊಳಗೆ ಹೋಗಿ ಆಯಿಲ್ಲಿಗೆ ಬೆರೆತಿತ್ತು. ಆಯಿಲ್ಲೂ ಡಿಪ್‌ಸ್ಟಿಕ್ಕಿನ ಕೆಳಗಿನ ಗೆರೆಗಿಂತ ಕಡಿಮೆ ಇತ್ತು.

ಕ್ರ್ಯಾಂಕಿನ ಮೇಲೆ ಉಗುರು ಎಳೆದೆ, ಎಲ್ಲೂ ಸಿಕ್ಕಲಿಲ್ಲ. ಸ್ನೇಹಿತರ ಮೈಕ್ರೋಮೀಟರ್ ತಂದು ಎರಡು ದಿಕ್ಕಿನಲ್ಲಿ ಅಳೆದೆ, ಗುಂಡಗೇ ಇತ್ತು. ಹಾಗಾಗಿ ಗ್ರೈಂಡಿಂಗ್ ಬೇಕಾಗಲಿಲ್ಲ. ಮೂರೂ ರಾಡಿಗೆ ಸ್ಟ್ಯಾಂಡರ್ಡ್ ಅಳತೆಯ ಹೊಸ ಶೆಲ್ ಹಾಕಿದೆ. ಒಂದನ್ನೇ ಬದಲಿಸೋದು ನನಗೆ ಒಪ್ಪಿಗೆಯಾಗಲಿಲ್ಲ, ಅದೇ ಆಯಿಲ್ ಮೂರಕ್ಕೂ ಹೋಗಿತ್ತಲ್ಲ. ರಾಡ್ ಬೋಲ್ಟ್‌ಗಳು ಕ್ರ್ಯಾಂಕಿಗೆ ಗೀಚದಂತೆ ಪೆಟ್ರೋಲ್ ಪೈಪಿನ ತುಂಡು ತೊಡಿಸಿದೆ. ಸಂದು ಅಳೆಯುವ ಮೆತ್ತನೆಯ ಪ್ಲಾಸ್ಟಿಗೇಜ್ ದಾರ ಇಟ್ಟು, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದು ಮತ್ತೆ ಬಿಚ್ಚಿದೆ. ಆ ಹೊತ್ತಿನಲ್ಲಿ ಕ್ರ್ಯಾಂಕ್ ತಿರುಗಿಸಬಾರದು. ಚಪ್ಪಟೆಯಾದ ದಾರ ಶೆಲ್ಲಿಗೂ ಕ್ರ್ಯಾಂಕಿಗೂ ನಡುವಿನ ಸಂದು 0.05 ಮಿ.ಮೀ. ಅಂತ ತೋರಿಸಿತು. 0.08 ದಾಟಬಾರದು. ಯಾವ ಕ್ಯಾಪ್ ಯಾವ ರಾಡಿನದು, ಯಾವ ದಿಕ್ಕು ಅನ್ನೋದನ್ನು ಬಿಚ್ಚುವಾಗಲೇ ಗುರುತು ಮಾಡಿದ್ದೆ, ಹಾಗೇ ವಾಪಸ್ ಹಾಕಿದೆ. ಆಯಿಲ್ ಪಂಪಿನ ಜಾಲರಿಗೆ ಗಸಿ ಕಟ್ಟಿತ್ತು, ತೊಳೆದೆ.

ಹೊಸ ಆಯಿಲ್, ಹೊಸ ಆಯಿಲ್ ಫಿಲ್ಟರ್. ಎಂಜಿನ್ ಸ್ಟಾರ್ಟ್ ಆಗದಂತೆ ಕಾಯಿಲ್ ವೈರ್ ಬಿಚ್ಚಿ, ಆಯಿಲ್ ಲೈಟ್ ಆರುವ ತನಕ ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆದೆ. ಆಮೇಲೆ ವೈರ್ ಹಾಕಿ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಟ್ಟೆ. ಇಪ್ಪತ್ತು ನಿಮಿಷ ಬಾನೆಟ್ ಪಕ್ಕದಲ್ಲೇ ನಿಂತಿದ್ದೆ. ಫ್ಯಾನ್ ತಿರುಗಿತು. ಆಕ್ಸಿಲರೇಟರ್ ಒತ್ತಿ ತಟ್ಟನೆ ಬಿಟ್ಟೆ. ಟೊಕ್ ಬರಲಿಲ್ಲ.

500 ಕಿ.ಮೀ. ಆದ ಮೇಲೆ ಆ ಆಯಿಲ್ಲನ್ನೂ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿದೆ. ಹೊಳೆಯುವ ಪುಡಿ ಇರಲಿಲ್ಲ. ಏರ್ ಫಿಲ್ಟರ್ ಡಬ್ಬಿಗೆ ಹೊಸ ಕ್ಲಿಪ್ ಬಂದಿದೆ. ಸಂಡೂರಿಗೆ ಹೋಗಿ ಬಂದಾಗಲೆಲ್ಲ ಮುಚ್ಚಳ ತೆಗೆದು ಒಳಬದಿಗೆ ಬೆರಳು ಸವರಿ ನೋಡುತ್ತೇನೆ.