ಸೊಸೈಟಿ ರಸ್ತೆಗೆ ತಿಂಗಳಿಗೆ 190 ರೂಪಾಯಿ: ಲೆಕ್ಕ ಹಾಕುವುದು ಹೇಗೆ?

ಮುಂಬೈನ ಮುಲುಂಡ್‌ನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಕಳೆದ ಸಲ ಡಾಂಬರು ಹಾಕಿಸಿದಾಗ ಪ್ರತಿ ಮನೆಯಿಂದ ಒಂದೇ ಸಲಕ್ಕೆ ದೊಡ್ಡ ಮೊತ್ತ ಕೇಳಿದ್ದೆವು. ಎರಡನೇ ಮಹಡಿಯ ರಿಟೈರ್ಡ್ ಅಜ್ಜ ಮೂರು ಕಂತಿನಲ್ಲಿ ಕೊಟ್ಟರು. ಮೂರನೇ ಚೆಕ್ ಕೊಡುವಾಗ ನನ್ನ ಮುಖ ನೋಡಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ರಸ್ತೆ ಹಾಳಾಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ ಅಲ್ವಾ? ಹಾಗಾದರೆ ಮೊದಲೇ ಕೂಡಿಡೋಣ.

ಮೊದಲ ಕೆಲಸ ಮಳೆಗಾಲದಲ್ಲಿ. ಮಳೆ ನಿಂತ ಅರ್ಧ ಗಂಟೆಗೆ ಒಂದು ಸುತ್ತು ಹಾಕಿ. ನೀರು ಎಲ್ಲಿ ನಿಂತಿದೆ ಅಂತ ಫೋಟೊ ತೆಗೆದುಕೊಳ್ಳಿ, ಒಣಗಿದ ಮೇಲೆ ಅಲ್ಲಿ ಬಣ್ಣದಿಂದ ಗುರುತು ಹಾಕಿ. ಡಾಂಬರಿಗೆ ದೊಡ್ಡ ಶತ್ರು ನೀರು. ಚರಂಡಿ, ಇಳಿಜಾರು, ನೆಲದಡಿಯ ನೀರಿನ ಪೈಪು ಸರಿಯಾಗದೆ ಮೇಲೆ ಡಾಂಬರು ಹಾಕಿದರೆ ಹಣ ಸುಮ್ನೆ ಹೋಯಿತು. ಹೊಸ ರಸ್ತೆ ಅಗೆದು ಪೈಪು ಹಾಕುವುದನ್ನು ಎಷ್ಟು ಕಡೆ ನೋಡಿಲ್ಲ! ಪೈಪಿನ ಖರ್ಚನ್ನೂ ಈ ಲೆಕ್ಕದಲ್ಲೇ ಸೇರಿಸಿ.

ಆಮೇಲೆ ಟೇಪ್ ಹಿಡಿದು ಅಳೆಯಿರಿ. 120 ಮೀಟರ್ ಉದ್ದ, 5 ಮೀಟರ್ ಅಗಲ ಅಂದರೆ 600 ಚದರ ಮೀಟರ್. ಇಬ್ಬರು ಮೂವರು ಗುತ್ತಿಗೆದಾರರಿಂದ ಒಂದೇ ಅಳತೆಗೆ, ಒಂದೇ ದಪ್ಪಕ್ಕೆ ಕೊಟೇಶನ್ ತನ್ನಿ. ಚದರ ಮೀಟರಿಗೆ 900 ರೂಪಾಯಿ ಅಂತ ಇಟ್ಟುಕೊಳ್ಳೋಣ. ಇದು ಬರೀ ಉದಾಹರಣೆ, ಪೈಪಿನ ಖರ್ಚು ಇದರಲ್ಲಿ ಸೇರಿಲ್ಲ. 5,40,000 ಆಯಿತು. 18% ಜಿಎಸ್‌ಟಿ ಸೇರಿ 6,37,200. ಏಳು ವರ್ಷದ ನಂತರದ ಕೆಲಸವಾದರೆ ವರ್ಷಕ್ಕೆ 6% ಬೆಲೆ ಏರಿಕೆ ಹಿಡಿದು ಸುಮಾರು 9.58 ಲಕ್ಷ. 60 ಮನೆ, 84 ತಿಂಗಳು: ಮನೆಗೆ ತಿಂಗಳಿಗೆ 190 ರೂಪಾಯಿ. ಅದೇ ಹಣ ಒಟ್ಟಿಗೆ ಕೇಳಿದರೆ ಸುಮಾರು 16,000! ಕೂಡಿದ ಹಣವನ್ನು ಬ್ಯಾಂಕಿನ ಎಫ್‌ಡಿಯಲ್ಲಿಟ್ಟರೆ ಬರುವ ಬಡ್ಡಿಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಅದು ಅಚಾನಕ್ ಖರ್ಚಿಗೆ ಇರಲಿ.

ಸಿಂಕಿಂಗ್ ಫಂಡ್ ಇದೆಯಲ್ಲ ಅನ್ನುವವರು ಪ್ರತಿ ಮೀಟಿಂಗ್‌ನಲ್ಲೂ ಇರುತ್ತಾರೆ. ಅದನ್ನು ಮುಟ್ಟಬೇಡಿ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ (ನಿಯಮಾವಳಿ) ಪ್ರಕಾರ ಸಿಂಕಿಂಗ್ ಫಂಡ್‌ಗೆ ವರ್ಷಕ್ಕೆ ಫ್ಲ್ಯಾಟಿನ ಕಟ್ಟಡ ವೆಚ್ಚದ ಕನಿಷ್ಠ 0.25%, ರಿಪೇರಿ ಫಂಡ್‌ಗೆ ಕನಿಷ್ಠ 0.75% ಕಟ್ಟಬೇಕು, ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ. ಸಿಂಕಿಂಗ್ ಫಂಡ್ ಇರುವುದು ಕಟ್ಟಡ ಮತ್ತೆ ಕಟ್ಟುವಂಥ ದೊಡ್ಡ ಕೆಲಸಕ್ಕೆ. ರಸ್ತೆಗೆ ಬೇರೆ ಹೆಸರಿನಲ್ಲೇ ಹಣ ಕೂಡಿಸಿ, ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿ. ಜನರಿಗೆ ಆಗ ನಂಬಿಕೆ ಬರುತ್ತದೆ.

ಇದಕ್ಕೆಲ್ಲ ವಾರ್ಷಿಕ ಸಭೆಯಲ್ಲಿ ಠರಾವು ಆಗಬೇಕು. ಸಭೆ ಸೆಪ್ಟೆಂಬರ್ 30ರ ಒಳಗೆ ಆಗುವುದರಿಂದ ಒಳ್ಳೆಯದೇ ಆಯಿತು: ಗುಂಡಿಗಳು ಇನ್ನೂ ಎಲ್ಲರ ಕಣ್ಣಮುಂದೆ ಇರುತ್ತವೆ. ಪ್ರತಿ ವರ್ಷ ಅದೇ ಸಭೆಯಲ್ಲಿ ಹೊಸ ದರ ಕೇಳಿ ಲೆಕ್ಕ ತಿದ್ದಿ.

ಕೆಲಸ ನವೆಂಬರ್ ನಂತರ ಇಟ್ಟುಕೊಳ್ಳಿ. ಆ ದಿನ ಕಮಿಟಿಯ ಒಬ್ಬರು ಗೇಟಿನಲ್ಲೇ ನಿಲ್ಲಬೇಕು. 40 ಮಿಲಿಮೀಟರ್ ದಪ್ಪದ ಪದರಕ್ಕೆ 600 ಚದರ ಮೀಟರಿಗೆ ಸುಮಾರು 58 ಟನ್ ಡಾಂಬರು ಮಿಶ್ರಣ ಬೇಕು. ಪ್ರತಿ ಲಾರಿಯ ತೂಕದ ಚೀಟಿ ಇಸಿದುಕೊಂಡು ಕೂಡಿಸಿ. 45 ಟನ್ನಿಗೇ ರಸ್ತೆ ಮುಗಿದರೆ ಪದರ ತೆಳುವಾಗಿದೆ ಅಂತ ಅರ್ಥ. ಆ ಲೆಕ್ಕ ಚುಕ್ತಾ ಆಗುವವರೆಗೆ ಕೊನೆಯ ಚೆಕ್‌ಗೆ ಸಹಿ ಹಾಕಬೇಡಿ.