ಕೀಮೋ ನಡೆಯುವಾಗ ಕೈಕಾಲಿನ ನರ ಕಾಪಾಡಿಕೊಳ್ಳುವುದು ಹೇಗೆ?

ಕ್ಯಾನ್ಸರ್‌ಗೆ ಕೀಮೋ ಅಂದ ಕೂಡಲೇ ಎಲ್ಲರೂ ಕೇಳುವುದು ಕೂದಲು ಮತ್ತು ವಾಂತಿಯ ಬಗ್ಗೆ. ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ. ನರಕ್ಕೆ ಪೆಟ್ಟು ಬಿದ್ದು ಬರುವ ಜೋಮು, ಉರಿ ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಗದಗ, ಹಾವೇರಿಯಿಂದ ಬಸ್ ಹತ್ತಿ ಹುಬ್ಬಳ್ಳಿಗೆ ಕೀಮೋಗೆ ಬರುವವರು ಈ ವಿಷಯವನ್ನೂ ಡಾಕ್ಟರ್ ಹತ್ತಿರ ಎತ್ತಬೇಕು.

ಶುರುವಾಗುವ ಮೊದಲು

ಔಷಧದ ಹೆಸರು ಕೇಳಿ ಬರೆದುಕೊಳ್ಳಿ. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ಸಿಸ್‌ಪ್ಲಾಟಿನ್, ವಿಂಕ್ರಿಸ್ಟಿನ್, ಬಾರ್ಟೆಜೊಮಿಬ್ ಇವೆಲ್ಲ ನರಕ್ಕೆ ತೊಂದರೆ ಕೊಡುವಂಥವು. ಸಕ್ಕರೆ ಕಾಯಿಲೆ ಇದ್ದರೆ, ಮೊದಲೇ ಕಾಲು ಜೋಮು ಹಿಡಿಯುತ್ತಿದ್ದರೆ, ಕುಡಿಯುವ ಚಟ ಇದ್ದರೆ ಮುಚ್ಚಿಡಬೇಡಿ. ಬಿ-12 ಕಡಿಮೆ ಇದೆಯಾ ಅಂತ ಪರೀಕ್ಷೆ ಬೇಕೇ ಎಂದೂ ಕೇಳಿ.

ಮಾತ್ರೆಯ ಆಸೆ ಬೇಡ

'ನರಕ್ಕೆ ಶಕ್ತಿ' ಅಂತ ಮೆಡಿಕಲ್ ಶಾಪ್‌ನಿಂದ ಸುಮ್ನೆ ಮಾತ್ರೆ ತಂದು ನುಂಗುವವರು ಜಾಸ್ತಿ. ಈ ತೊಂದರೆ ಬರದಂತೆ ತಡೆಯುತ್ತದೆ ಎಂದು ಶಿಫಾರಸು ಮಾಡುವಂಥ ಮಾತ್ರೆ ಯಾವುದೂ ಇಲ್ಲ ಎಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಸಿಟೈಲ್-ಎಲ್-ಕಾರ್ನಿಟಿನ್ ಎಂಬ ಪೂರಕ ಮಾತ್ರೆ ಅಂತೂ ತೊಂದರೆ ಹೆಚ್ಚಿಸಿದ್ದು ಕಂಡುಬಂದಿದೆ. ಬಿ-12 ಕೊರತೆ ಇದ್ದವರು ಅದಕ್ಕೆ ಚಿಕಿತ್ಸೆ ತಗೊಳ್ಳಲೇಬೇಕು, ಆ ಮಾತು ಬೇರೆ.

ತಂಪು: ಒಬ್ಬರಿಗೆ ಒಳ್ಳೆಯದು, ಇನ್ನೊಬ್ಬರಿಗೆ ಕೆಟ್ಟದ್ದು

ಪ್ಯಾಕ್ಲಿಟ್ಯಾಕ್ಸೆಲ್ ಡ್ರಿಪ್ ಹಚ್ಚಿದಾಗ ಕೈಕಾಲಿಗೆ ಫ್ರೀಜ್ ಮಾಡಿದ ಗ್ಲೌಸ್, ಸಾಕ್ಸ್ ಹಾಕುವುದುಂಟು. ತಂಪಿಗೆ ರಕ್ತನಾಳ ಕುಗ್ಗಿ ಬೆರಳ ತುದಿಗೆ ಔಷಧ ಕಡಿಮೆ ಹೋಗಲಿ ಅನ್ನುವುದು ಲೆಕ್ಕ. ಕೆಲವು ಅಧ್ಯಯನಗಳಲ್ಲಿ ಅನುಕೂಲ ಕಂಡಿದೆ, ಖಾತ್ರಿ ಏನಿಲ್ಲ. ಆಸ್ಪತ್ರೆಯಲ್ಲಿ ಸೌಲಭ್ಯ ಇದೆಯಾ ಅಂತ ಕೇಳಿ ನೋಡಿ. ಮನೆಯಿಂದ ಐಸ್ ಕಟ್ಟಿಕೊಂಡು ಹೋಗಿ ನೀವೇ ಇಟ್ಟುಕೊಳ್ಳಬೇಡಿ, ಚರ್ಮ ಸುಟ್ಟೀತು.

ಆಕ್ಸಾಲಿಪ್ಲಾಟಿನ್ ಇದ್ದವರಿಗೆ ಇದು ಪೂರ್ತಿ ಉಲ್ಟಾ. ಕೀಮೋ ಆದ ನಂತರದ ಕೆಲವು ದಿನ ತಣ್ಣೀರು ಮುಟ್ಟಿದರೂ ಬೆರಳು ಚುಚ್ಚುತ್ತದೆ, ಕುಡಿದರೆ ಗಂಟಲು ಹಿಡಿದಂತಾಗುತ್ತದೆ. ಉಗುರುಬೆಚ್ಚಗಿನ ನೀರು ಕುಡಿಯಿರಿ. ಫ್ರಿಜ್‌ಗೆ ಕೈ ಹಾಕಬೇಡಿ. ಧಾರವಾಡದ ಚಳಿಗಾಲದ ಮುಂಜಾನೆಯಲ್ಲಿ ಮಫ್ಲರ್, ಸಾಕ್ಸ್ ಇಲ್ಲದೆ ಹೊರಬೀಳಬೇಡಿ.

ಪ್ರತಿ ಸೈಕಲ್‌ಗೆ (ಕೀಮೋದ ಸುತ್ತಿಗೆ) ಮೊದಲು

ಇದೇ ಎಲ್ಲಕ್ಕಿಂತ ಮುಖ್ಯ. ಮನೆಯಲ್ಲೇ ನೋಡಿಕೊಳ್ಳಿ: ಅಂಗಿಯ ಗುಂಡಿ, ಬ್ಲೌಸಿನ ಹುಕ್ ಮೊದಲಿನಂತೆ ಹಾಕಲು ಬರುತ್ತದಾ? ನೆಲದ ಮೇಲಿನ ಒಂದು ರೂಪಾಯಿ ನಾಣ್ಯ ಬೆರಳಿಗೆ ಸಿಗುತ್ತದಾ? ಕಾಲಿಂದ ಚಪ್ಪಲಿ ಜಾರಿದ್ದು ಗೊತ್ತಾಗುತ್ತದಾ? ಕತ್ತಲಲ್ಲಿ ನಡೆದರೆ ಓಲಾಡುತ್ತೀರಾ? ವಿಂಕ್ರಿಸ್ಟಿನ್ ಆದರೆ ಮಲಬದ್ಧತೆಯನ್ನೂ ಹೇಳಿ, ಅದೂ ನರದ್ದೇ ಕಾಟ.

"ಹೇಳಿದ್ರ ಕೀಮೋ ಬಂದ್ ಮಾಡ್ತಾರ, ಸುಮ್ನಿರ್ರಿ" ಅನ್ನುವವರಿದ್ದಾರೆ. ಹೀಗೆ ಹೆದರಿ ಮುಚ್ಚಿಟ್ಟರೆ ಜೋಮು ಅಂಗಾಲಿನಿಂದ ಮೇಲೇರಬಹುದು. ಬೇಗ ಹೇಳಿದರೆ ಡಾಕ್ಟರ್ ಕೈಯಲ್ಲಿ ದಾರಿ ಹೆಚ್ಚು: ಡೋಸ್ ಇಳಿಸಬಹುದು, ವಾರ ಮುಂದೂಡಬಹುದು, ಔಷಧ ಬದಲಿಸಬಹುದು. ಬಾರ್ಟೆಜೊಮಿಬ್ ಅನ್ನು ರಕ್ತನಾಳಕ್ಕೆ ಕೊಡುವ ಬದಲು ಚರ್ಮದಡಿ ಚುಚ್ಚಿದರೆ ತೊಂದರೆ ಕಡಿಮೆ. ನೀವೇ ಡೋಸ್ ತಪ್ಪಿಸುವುದು ಮಾತ್ರ ಬೇಡವೇ ಬೇಡ.

ಮನೆಯಲ್ಲಿ

ದಿನಾ ನಡೆಯಿರಿ. ಗೋಡೆ ಹಿಡಿದು ಒಂದೊಂದೇ ಕಾಲ ಮೇಲೆ ನಿಲ್ಲುವ ಅಭ್ಯಾಸ ಮಾಡಿ. ಬೆರಳು ಮರಗಟ್ಟಿದ್ದರೆ ರೊಟ್ಟಿ ಬೇಯಿಸುವುದನ್ನು ಬೇರೆಯವರಿಗೆ ಬಿಡಿ: ಹಂಚಿನ ಮೇಲೆ ರೊಟ್ಟಿ ಹೊರಳಿಸುವಾಗ ಬಿಸಿ ತಾಗಿದ್ದು ಬೊಬ್ಬೆ ಎದ್ದ ಮೇಲಷ್ಟೇ ಗೊತ್ತಾದೀತು. ಸ್ನಾನದ ನೀರನ್ನು ಮನೆಯವರು ಮುಟ್ಟಿ ನೋಡಲಿ. ಎರೆ ಹೊಲಕ್ಕೆ ಬರಿಗಾಲಲ್ಲಿ ಹೋಗಬೇಡಿ, ಜಾಲಿಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ.

ಕೀಮೋ ಮುಗಿಯಿತು ಅಂತ ಇದನ್ನೆಲ್ಲ ಬಿಡಬೇಡಿ. ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್ ನಿಲ್ಲಿಸಿದ ಮೇಲೂ ಎರಡು-ಮೂರು ತಿಂಗಳು ಜೋಮು ಏರಬಹುದು. ಉರಿ, ನೋವು ಇದ್ದರೆ ಡುಲೋಕ್ಸೆಟಿನ್ ಮಾತ್ರೆ ನಿಮಗೆ ಹೊಂದುತ್ತದಾ ಅಂತ ಡಾಕ್ಟರನ್ನು ಕೇಳಿ. ಬಂದ ನೋವಿಗೆ ಸಾಕ್ಷ್ಯ ಇರುವ ಔಷಧ ಸದ್ಯಕ್ಕೆ ಅದೊಂದೇ.