ಬಸುರಿಯ ಸೊಂಟ ನೋವಿಗೆ ಆಸ್ಟಿಯೋಪಥಿ: ಶುರು ಮಾಡುವುದು ಹೇಗೆ?

ಐದಾರು ತಿಂಗಳು ತುಂಬುವ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ. ರಾತ್ರಿ ಮಗ್ಗುಲು ಬದಲಿಸುವಾಗ ತೊಡೆಸಂದಿನಲ್ಲಿ ಚುಳುಕ್ ಅನ್ನುತ್ತದೆ. ಯಾರಿಗಾದರೂ ಹೇಳಿಕೊಂಡರೆ ‘ಬಸುರಿಗೆ ಇದೆಲ್ಲ ಇದ್ದದ್ದೇ, ಸ್ವಲ್ಪ ತಡ್ಕೋ’ ಅನ್ನುತ್ತಾರೆ. ಇದ್ದದ್ದೇ ಹೌದು. ಅರ್ಧಕ್ಕಿಂತ ಜಾಸ್ತಿ ಗರ್ಭಿಣಿಯರಿಗೆ ಬೆನ್ನು ನೋವು ಬರುತ್ತದೆ. ಹಾಗಂತ ಹೆರಿಗೆ ಆಗುವವರೆಗೂ ಹಲ್ಲು ಕಚ್ಚಿಕೊಂಡು ಕೂರಬೇಕಾಗಿಲ್ಲ.

ಬಸುರಿನಲ್ಲಿ ಎಲ್ಲ ಮಾತ್ರೆಗಳನ್ನೂ ನುಂಗುವಂತಿಲ್ಲ. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಯನ್ನಂತೂ ಡಾಕ್ಟರ್ ಹೇಳದೆ ಮುಟ್ಟಲೇಬಾರದು. ಅದಕ್ಕೇ ಕೈಯಿಂದ ಮಾಡುವ ಚಿಕಿತ್ಸೆಗಳತ್ತ ಹಲವರು ನೋಡುತ್ತಾರೆ. ಆಸ್ಟಿಯೋಪಥಿ ಅವುಗಳಲ್ಲೊಂದು. ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ ಇದನ್ನು ಶುರು ಮಾಡಿದರು. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಇದರ ಮೊದಲ ಕಾಲೇಜು ತೆರೆಯಿತು. ಬಿಗಿದ ಸ್ನಾಯುಗಳನ್ನು ನೀವುವುದು, ಕೀಲುಗಳನ್ನು ಮೆಲ್ಲಗೆ ಆಡಿಸುವುದು, ಎಳೆದು ಸಡಿಲಿಸುವುದು ಇದರ ಮುಖ್ಯ ಕೆಲಸ.

ಮೊದಲು: ಇದು ಯಾವ ನೋವು?

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಕೈ ಚಿಕಿತ್ಸೆಗೆ ಬಗ್ಗುವುದು ಸ್ನಾಯು, ಕೀಲುಗಳ ನೋವು ಮಾತ್ರ. ಬಸುರಿಯಲ್ಲಿ ರಿಲ್ಯಾಕ್ಸಿನ್‌ನಂಥ ಹಾರ್ಮೋನುಗಳು ಕೀಲುಗಳ ಕಟ್ಟನ್ನು ಸಡಿಲ ಮಾಡುತ್ತವೆ. ಹೊಟ್ಟೆ ಮುಂದೆ ಬಂದಂತೆ ಮೈಭಾರವೂ ಮುಂದಕ್ಕೆ ಸರಿಯುತ್ತದೆ. ಬಿದ್ದುಹೋಗದಂತೆ ಬೆನ್ನು ಹಿಂದಕ್ಕೆ ಬಾಗುತ್ತದೆ. ಹೊಟ್ಟೆಯ ಸ್ನಾಯುಗಳು ಹಿಗ್ಗಿ ಸೋತಿರುವುದರಿಂದ ಸೊಂಟದ ಸ್ನಾಯುಗಳು ಎರಡು ಪಾಲು ದುಡಿಯಬೇಕಾಗುತ್ತದೆ. ಇಂಥ ನೋವು ನಿಂತಾಗ, ನಡೆದಾಗ, ಮೆಟ್ಟಿಲು ಹತ್ತುವಾಗ ಜಾಸ್ತಿಯಾಗುತ್ತದೆ. ಸ್ವಲ್ಪ ವಿಶ್ರಾಂತಿ ಸಿಕ್ಕರೆ ಇಳಿಯುತ್ತದೆ.

ಆದರೆ ಇವುಗಳಲ್ಲಿ ಯಾವುದಾದರೂ ಕಂಡರೆ ಆಸ್ಟಿಯೋಪಾತ್ ಹತ್ತಿರ ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ:

- ರಕ್ತ ಅಥವಾ ನೀರು ಹೋಗುವುದು, 37 ವಾರಕ್ಕೆ ಮೊದಲೇ ಬಿಟ್ಟು ಬಿಟ್ಟು ಹೊಟ್ಟೆ ಬಿಗಿಯುವುದು
- ಮಗುವಿನ ಅಲುಗಾಟ ಕಡಿಮೆಯಾಗುವುದು
- ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ದಿಢೀರನೆ ಊದುವುದು
- ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಉಸಿರಾಟಕ್ಕೆ ಕಷ್ಟ
- ಬೆನ್ನು ನೋವಿನ ಜೊತೆ ಜ್ವರ ಅಥವಾ ಉರಿಮೂತ್ರ
- ತೊಡೆಗಳ ನಡುವೆ ಸ್ಪರ್ಶ ಗೊತ್ತಾಗದಿರುವುದು, ಮೂತ್ರದ ಹಿಡಿತ ತಪ್ಪುವುದು

ಒಂದೇ ಕಾಲಿನ ಊತವನ್ನು ‘ನಡೆದು ನಡೆದು ಆಗಿರಬೇಕು’ ಎಂದು ಸುಮ್ನೆ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಅದು ರಕ್ತ ಹೆಪ್ಪುಗಟ್ಟಿದ್ದರಿಂದ ಆಗಿರಬಹುದು. ಅಂಥ ಕಾಲನ್ನು ನೀವುವುದೇ ಅಪಾಯ.

ನಂತರ: ನಿಮ್ಮ ಡಾಕ್ಟರ ಒಪ್ಪಿಗೆ

ಮಾಸು ಕೆಳಗಿದೆಯಾ, ಬಿಪಿ ಇದೆಯಾ, ಹಿಂದೆ ಅವಧಿಗೆ ಮುಂಚೆ ಹೆರಿಗೆಯಾಗಿತ್ತಾ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ‘ಆಸ್ಟಿಯೋಪಥಿಗೆ ಹೋಗಲಾ?’ ಎಂದು ನೇರವಾಗಿ ಕೇಳಿ. ಸ್ಕ್ಯಾನಿಂಗ್ ವರದಿ, ಈಗಿನ ಔಷಧಿಗಳ ಪಟ್ಟಿ ಜೊತೆಗಿಟ್ಟುಕೊಳ್ಳಿ.

ಸರಿಯಾದ ಕೈ ಹುಡುಕುವುದು

ದೇಶದಿಂದ ದೇಶಕ್ಕೆ ಇದು ಬೇರೆ ಬೇರೆ. ಅಮೆರಿಕದಲ್ಲಿ ಆಸ್ಟಿಯೋಪಥಿ ಓದಿದವರು ಔಷಧಿ ಬರೆಯುವ, ಆಪರೇಷನ್ ಮಾಡುವ ಪೂರ್ಣ ವೈದ್ಯರು. ಬ್ರಿಟನ್ನಿನಲ್ಲಿ ಆಸ್ಟಿಯೋಪಾತ್ ಎಂದು ಬೋರ್ಡು ಹಾಕಬೇಕಾದರೆ ಜನರಲ್ ಆಸ್ಟಿಯೋಪಥಿಕ್ ಕೌನ್ಸಿಲ್‌ನಲ್ಲಿ ನೋಂದಣಿ ಇರಲೇಬೇಕು, ಅದಕ್ಕಾಗಿ 1993ರ ಕಾಯ್ದೆಯೇ ಇದೆ. ಇಂಥ ಕಾಯ್ದೆ ಇಲ್ಲದ ಕಡೆ ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಎಲ್ಲಿ ಓದಿದಿರಿ, ಎಷ್ಟು ವರ್ಷದ ಕೋರ್ಸು, ಗರ್ಭಿಣಿಯರಿಗೆ ಚಿಕಿತ್ಸೆ ಕೊಟ್ಟು ಅಭ್ಯಾಸ ಇದೆಯಾ ಎಂದು ಕೇಳಲು ಸಂಕೋಚ ಬೇಡ. ಉತ್ತರ ಕೊಡಲು ಸಿಡುಕುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಮೊದಲ ಭೇಟಿಯಲ್ಲಿ

ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ಒಳ್ಳೆಯ ಆಸ್ಟಿಯೋಪಾತ್ ಮೊದಲು ಮಾತಾಡುತ್ತಾರೆ. ಎಷ್ಟನೇ ವಾರ, ನೋವು ಎಲ್ಲಿ, ಯಾವಾಗ ಜಾಸ್ತಿ ಎಂದೆಲ್ಲ ಕೇಳುತ್ತಾರೆ. ಆಮೇಲೆ ನೀವು ನಿಲ್ಲುವ, ನಡೆಯುವ, ಬಾಗುವ ರೀತಿ ನೋಡುತ್ತಾರೆ. ಸಡಿಲ ಬಟ್ಟೆ ಹಾಕಿಕೊಂಡು ಹೋಗಿ, ಮನೆಯವರನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ.

ಚಿಕಿತ್ಸೆಗೆ ಮಗ್ಗುಲಲ್ಲಿ ಮಲಗಿಸುತ್ತಾರೆ, ಇಲ್ಲವೇ ಕೂರಿಸುತ್ತಾರೆ. ಹೊಟ್ಟೆ ಬೆಳೆದ ಮೇಲೆ ಅಂಗಾತ ತುಂಬ ಹೊತ್ತು ಮಲಗಿದರೆ ಗರ್ಭಕೋಶದ ಭಾರ ಹಿಂದಿರುವ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ತಲೆಸುತ್ತು ಬರುತ್ತದೆ. ಹಾಗೇನಾದರೂ ಅನ್ನಿಸಿದರೆ ತಕ್ಷಣ ಹೇಳಿ, ಎಡಕ್ಕೆ ತಿರುಗಿ.

ಒತ್ತಡ ಹಿತವಾಗಿರಬೇಕು. ‘ನೋವಾದರೂ ಪರವಾಗಿಲ್ಲ, ಗುಣ ಆಗಲಿ’ ಎಂದು ಸಹಿಸಿಕೊಳ್ಳಬೇಡಿ. ಮೊದಲೇ ಸಡಿಲಗೊಂಡ ಕೀಲುಗಳಿಗೆ ಜೋರು ಬೇಕಿಲ್ಲ. ಬೆನ್ನು, ಕುತ್ತಿಗೆಯ ನೆಟಿಕೆ ತೆಗೆಯುವಂಥ ಝಟ್ಟನೆ ತಿರುಗಿಸುವ ವಿಧಾನ ಬೇಡ ಎಂದು ಮೊದಲೇ ಹೇಳಿಬಿಡಿ. ಏನು ಮಾಡುತ್ತೇವೆ, ಎಲ್ಲಿ ಮುಟ್ಟುತ್ತೇವೆ ಎಂದು ಪ್ರತಿ ಸಲ ಹೇಳಿ, ನಿಮ್ಮ ಒಪ್ಪಿಗೆ ಪಡೆದೇ ಅವರು ಮುಂದುವರಿಯಬೇಕು. ನಡುವೆ ‘ಸಾಕು’ ಅನ್ನುವ ಹಕ್ಕು ನಿಮ್ಮದು.

ಎಷ್ಟು ನಂಬಬಹುದು?

2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಕೊನೆಯ ತಿಂಗಳುಗಳಲ್ಲಿದ್ದ 400 ಗರ್ಭಿಣಿಯರನ್ನು ಮೂರು ಗುಂಪು ಮಾಡಿದರು. ಮಾಮೂಲಿ ಆರೈಕೆ ಮಾತ್ರ ಸಿಕ್ಕವರಿಗಿಂತ ಆಸ್ಟಿಯೋಪಥಿಯೂ ಸಿಕ್ಕವರ ನೋವು ಕಡಿಮೆಯಿತ್ತು. ಮೂರನೇ ಗುಂಪಿಗೆ ಅಲ್ಟ್ರಾಸೌಂಡ್ ಚಿಕಿತ್ಸೆ ಕೊಟ್ಟಂತೆ ನಟಿಸಿದ್ದರು ಅಷ್ಟೇ. ಅವರಿಗೂ ಹೆಚ್ಚುಕಡಿಮೆ ಅಷ್ಟೇ ಆರಾಮ ಸಿಕ್ಕಿತ್ತು! ಅಂದರೆ ಗುಣ ಕಂಡಿದ್ದರಲ್ಲಿ ಚಿಕಿತ್ಸೆಯ ಪಾಲೆಷ್ಟು, ಯಾರೋ ಕಾಳಜಿಯಿಂದ ಗಮನ ಕೊಟ್ಟಿದ್ದರ ಪಾಲೆಷ್ಟು ಎಂದು ಬೇರೆ ಮಾಡುವುದು ಕಷ್ಟ. ನನ್ನ ಮಟ್ಟಿಗೆ ನೋವು ಇಳಿದರೆ ಅದು ಸಣ್ಣ ವಿಷಯವಲ್ಲ. ಆದರೆ ‘ಮಗು ತಿರುಗಿಸುತ್ತೇವೆ, ಹೆರಿಗೆ ಸುಲಭ ಮಾಡುತ್ತೇವೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಮನೆಗೆ ಬಂದ ಮೇಲೆ

ಒಂದೆರಡು ದಿನ ಸಣ್ಣಗೆ ಮೈಕೈ ನೋವು ಇರಬಹುದು, ತಾನಾಗಿ ಹೋಗುತ್ತದೆ. ಹೆಚ್ಚಾದರೆ ಫೋನ್ ಮಾಡಿ ಕೇಳಿ. ಚಿಕಿತ್ಸೆಯ ಜೊತೆ ದಿನದ ಅಭ್ಯಾಸವೂ ಬದಲಾಗಬೇಕು, ಅಲ್ವಾ? ಮಲಗುವಾಗ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿ. ಏಳುವಾಗ ಎರಡೂ ಮೊಣಕಾಲು ಜೋಡಿಸಿಕೊಂಡು ಮಗ್ಗುಲಿಗೆ ಹೊರಳಿ, ಕೈ ಊರಿ ಏಳಿ. ಒಂಟಿ ಕಾಲಲ್ಲಿ ನಿಂತು ಬಟ್ಟೆ ಹಾಕಿಕೊಳ್ಳಬೇಡಿ, ಕೂತು ಹಾಕಿಕೊಳ್ಳಿ. ಡಾಕ್ಟರ್ ಬೇಡ ಅಂದಿಲ್ಲವಾದರೆ ನಡಿಗೆ, ಈಜು, ಹಗುರ ವ್ಯಾಯಾಮ ಮುಂದುವರಿಸಿ.

ಮೂರು ನಾಲ್ಕು ಸಲ ಹೋದರೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಫಿಸಿಯೋಥೆರಪಿ ಅಥವಾ ಸೊಂಟದ ಬೆಲ್ಟ್ ನಿಮಗೆ ಹೊಂದುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ಈ ನೋವು ಕೆಲವು ವಾರ, ತಿಂಗಳುಗಳಲ್ಲಿ ಇಳಿಯುತ್ತದೆ. ಇಳಿಯದೆ ಉಳಿದರೆ, ಮಗುವಿನ ಗಲಾಟೆಯಲ್ಲಿ ನಿಮ್ಮ ಸೊಂಟವನ್ನು ಮರೆಯದೆ ಮತ್ತೆ ತೋರಿಸಿಕೊಳ್ಳಿ.